ಎಮ್ಮೆಗೆ ಮಡ್‌ಗಾರ್ಡ್ ಇರುವುದಿಲ್ಲ

ಕಳೆದ ವಾರ ಸೊಸೆ ಮೊಮ್ಮಗಳಿಗೆ ನೀರೆರೆದು, ಚಾಪೆಯ ಮೇಲೆ ಮಲಗಿಸಿ, ಕುತ್ತಿಗೆಗೂ ಕಂಕುಳಿಗೂ ಪೌಡರ್ ಹಚ್ಚುತ್ತಿದ್ದಳು. ಆ ಪರಿಮಳ ಪಡಸಾಲೆಗೆ ಬಂದೊಡನೆ ನಾನು ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟೆ. ಅಂಥ ಹೊತ್ತಿನಲ್ಲಿ ಮರ್ಯಾದಸ್ಥ ಅಜ್ಜನಾದವನಿಗೆ ತನ್ನ ಮಕ್ಕಳ ಎಳವೆ ನೆನಪಾಗಬೇಕು. ನನಗೆ ನೆನಪಾದದ್ದು ಮೋಟರ್‌ಸೈಕಲ್ಲಿನ ಹಿಂದಿನ ಗಾಲಿ. ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮಗುವನ್ನು ನನ್ನ ಕೈಗೆ ಕೊಡುವ ಮೊದಲು ಸೊಸೆ ಎರಡು ಸಲ ಯೋಚಿಸುತ್ತಿದ್ದಳು.

ಸವಣೂರಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೊರಳುವ ಕಡೆ, ಗಾಲಿ ರಿಪೇರಿಯ ಒಂದು ಅಂಗಡಿಯಿತ್ತು. ಅದರ ಯಜಮಾನರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ. ಟ್ಯೂಬನ್ನು ಟಾಯರಿನೊಳಗೆ ಕೂಡಿಸುವ ಮೊದಲು ಅವರು ಅದಕ್ಕೆ ಮೈಗೆ ಹಚ್ಚುವ ಪೌಡರನ್ನೇ ಸವರುತ್ತಿದ್ದರು, ಒಳ್ಳೆ ವಾಸನೆಯದು, ಡಬ್ಬಿಯ ಮೇಲೆ ನಗುವ ಹೆಂಗಸಿನ ಚಿತ್ರವಿದ್ದದ್ದು. ಒಮ್ಮೆ ಕಾರಣ ಕೇಳಿದೆ.

"ಟ್ಯೂಬಿಗೂ ಟಾಯರಿಗೂ ತಿಕ್ಕಾಟ ಆಗಬಾರದ್ರಿ," ಎಂದರು. "ಗಂಡಾ ಹೆಂಡ್ತಿ ಇದ್ದಂಗ. ಇಬ್ಬರ ನಡುವ ಒಂಚೂರು ಪೌಡರ್ ಇದ್ರ ಸಂಸಾರ ಛಲೋ ನಡೀತೈತಿ."

ಬೇರೆ ಅಂಗಡಿಯವರು ಗಿರಾಕಿ ಬಂದರೆ ಯಾವ ಗಾಡಿ ಎಂದು ಕೇಳುತ್ತಿದ್ದರು. ಚಾಚಾ ಕೇಳುತ್ತಿದ್ದದ್ದು ಯಾವ ದಾರಿ ಎಂದು. ದಾರಿ ಹೇಳಿದರಷ್ಟೇ ಸಾಲದು, ಅಲ್ಲಿಯ ಮಣ್ಣು ಎರೆಯೋ ಮಸಾರಿಯೋ, ಅಂದರೆ ಕರಿಯದೋ ಕೆಂಪಿನದೋ, ಅದನ್ನೂ ಹೇಳಬೇಕು. ಹಿಂದೆ ಎಷ್ಟು ಮಂದಿ ಕೂಡುತ್ತಾರೆ, ಮೂಟೆ ಹೇರುತ್ತೀರೋ, ಮಳೆಗಾಲದಲ್ಲಿ ತಿರುಗಾಟವುಂಟೋ... ಸಂಬಂಧ ಬೆಳೆಸಲು ಬಂದ ಬೀಗರೂ ಇಷ್ಟು ವಿಚಾರಣೆ ಮಾಡಲಾರರು. ಎಲ್ಲ ಕೇಳಿಯಾದ ಮೇಲೆ ಎದ್ದು ಹೋಗಿ ಒಂದೇ ಒಂದು ಟಾಯರನ್ನು ಇಳಿಸಿ ತರುತ್ತಿದ್ದರು. ಎರಡು ತೋರಿಸಿ ಆರಿಸಿಕೊಳ್ಳಿ ಎನ್ನುವ ಪದ್ಧತಿ ಅವರಲ್ಲಿರಲಿಲ್ಲ.

ನಾನು ಆಗ ಶಿಗ್ಗಾಂವಿಯ ಪಶು ಆಸ್ಪತ್ರೆಯಲ್ಲಿದ್ದೆ. ಹೆಂಡತಿ ಸವಣೂರಿನ ಶಾಲೆಯಲ್ಲಿ ಶಿಕ್ಷಕಿಯಾದ್ದರಿಂದ ಮನೆ ಸವಣೂರಿನಲ್ಲಿ. ಸರ್ಕಾರ ನನಗೆ ಕೊಟ್ಟಿದ್ದ ಹುದ್ದೆಯ ಹೆಸರು ಪೂರ್ತಿ ಒಂದು ಸಾಲು ಉದ್ದವಿತ್ತು. ಜನ ಅದನ್ನು 'ದನದ ಡಾಕ್ಟ್ರು' ಎಂದು ಮೊಟಕುಗೊಳಿಸಿದ್ದರು. ನಾನು ಡಾಕ್ಟರನಲ್ಲ, ಡಾಕ್ಟರರು ಹೇಳಿದ ಕಡೆ ಹೋಗಿ ಸೂಜಿ ಚುಚ್ಚುವವನು. ಆದರೆ ಬಡ್ತಿಯನ್ನು ಜನರೇ ಕೊಡುವಾಗ ಬೇಡ ಎನ್ನುವುದು ಪ್ರಜಾಪ್ರಭುತ್ವಕ್ಕೆ ಶೋಭೆಯಲ್ಲವೆಂದು ಸುಮ್ಮನಿದ್ದೆ. ನನ್ನ ಬಳಿ ಒಂದು ಸಣ್ಣ ಮೋಟರ್‌ಸೈಕಲ್ ಇತ್ತು. ಅದರ ಹಿಂದೆ ಲಸಿಕೆಯ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮಂಜುಗಡ್ಡೆ. ಗಡ್ಡೆ ಕರಗುವುದರೊಳಗೆ ಊರು ಮುಟ್ಟಬೇಕು. ಮುಟ್ಟದಿದ್ದರೆ ಲಸಿಕೆಗೂ ಬಾವಿಯ ನೀರಿಗೂ ವ್ಯತ್ಯಾಸವಿಲ್ಲ.

ಆ ವರ್ಷ ಹಿಂದಿನ ಟಾಯರ್ ಸವೆದಿತ್ತು. ಚಾಚಾನ ಅಂಗಡಿಗೆ ಹೋದೆ. ನನ್ನ ಗಾಡಿಗೆ ಬರುವ ಅಳತೆ ಎರಡೂಮುಕ್ಕಾಲು ಇಂಚು. ನಾನು ಮೂರೂಕಾಲಿನದು ಬೇಕೆಂದೆ, ದಪ್ಪನೆಯದು. ಇದರ ಹಿಂದೆ ನನ್ನದೇ ಒಂದು ಸಂಶೋಧನೆಯಿತ್ತು. ಎಮ್ಮೆ ಕೆಸರಿನಲ್ಲಿ ಯಾಕೆ ಹೂಳುವುದಿಲ್ಲ? ಅದರ ಗೊರಸು ಅಗಲ, ಊರಿದಾಗ ಇನ್ನಷ್ಟು ಹರಡುತ್ತದೆ. ಅಂದಮೇಲೆ ಗಾಲಿಯೂ ಅಗಲವಾದಷ್ಟೂ ಎರೆಯಲ್ಲಿ ತೇಲಿಕೊಂಡು ಹೋಗಬೇಕು. ಇದನ್ನು ಸಾದ್ಯಂತ ವಿವರಿಸಿದೆ. ಚಾಚಾ ಪಂಪಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಎಲ್ಲಾ ಖರೇ ಐತ್ರಿ ಡಾಕ್ಟರ್ ಸಾಹೇಬ್ರ," ಎಂದರು. "ಆದ್ರ ಎಮ್ಮಿಗೆ ಮಡ್‌ಗಾರ್ಡ್ ಇರೂದಿಲ್ಲರಿ."

ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ಇಬ್ಬರು ನಕ್ಕರು. ನಗು ಅಷ್ಟೇನೂ ದೊಡ್ಡದಿರಲಿಲ್ಲ, ಆದರೂ ನನ್ನೊಳಗಿನ ಸರ್ಕಾರಕ್ಕೆ ಪೆಟ್ಟಾಯಿತು. ಚಾಚಾ ನನ್ನ ಗಾಡಿಯ ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಎರಡು ಬೆರಳು ತೂರಿಸಿ ತೋರಿಸಿದರು. ಇಷ್ಟು ಜಾಗವಿದ್ದರೆ ಮೆತ್ತಿದ ಮಣ್ಣು ಉದುರುತ್ತದೆ, ಇಲ್ಲದಿದ್ದರೆ ಅಲ್ಲೇ ಗೋಡೆ ಕಟ್ಟುತ್ತದೆ ಎಂದರು. ಯಾವ ದಾರಿಗೆ ಹೋಗುತ್ತೀರಿ ಎಂದೂ ಕೇಳಿದರು. "ಎಲ್ಲಾ ದಾರಿಗೂ" ಎಂದು ಹೇಳಿ ಹೊರಟುಬಂದೆ. ಮರುದಿನ ಹುಬ್ಬಳ್ಳಿಗೆ ಹೋಗಿ ಮೂರೂಕಾಲಿನದನ್ನೇ ಹಾಕಿಸಿಕೊಂಡು ಬಂದೆ. ಗಾಡಿ ನೋಡಲು ಗಂಭೀರವಾಗಿ ಕಾಣುತ್ತಿತ್ತು. ನಾನೂ.

ಅದೇ ತಿಂಗಳು ಸುತ್ತಿನ ಹಳ್ಳಿಗಳಲ್ಲಿ ಕಾಲುಬಾಯಿ ಬೇನೆ ಕಾಣಿಸಿಕೊಂಡಿತು. ಹಿರೇಬೆಂಡಿಗೇರಿಯ ಆಚೆ, ಎರೆಹೊಲಗಳ ನಡುವೆ ಒಂದು ಸಣ್ಣ ಊರು. ಬೇನೆ ಇನ್ನೂ ಅಲ್ಲಿಗೆ ಬಂದಿರಲಿಲ್ಲ, ಪಕ್ಕದ ಊರಿನವರೆಗೆ ಬಂದಿತ್ತು. ನಾಳೆ ಬರುತ್ತೇನೆ, ದನಗಳನ್ನು ಮೇಯಲು ಬಿಡಬೇಡಿ ಎಂದು ಹೇಳಿ ಕಳಿಸಿದೆ. ರಾತ್ರಿ ಮಳೆಯಾಯಿತು. ಬೆಳಿಗ್ಗೆ ಪೆಟ್ಟಿಗೆ ಕಟ್ಟಿಕೊಂಡು ಹೊರಟವನಿಗೆ ಡಾಂಬರು ಮುಗಿಯುವವರೆಗೂ ನನ್ನ ಸಂಶೋಧನೆಯ ಬಗ್ಗೆ ಹೆಮ್ಮೆಯಿತ್ತು. ಗಾಡಿದಾರಿಗೆ ಇಳಿದು ಅರ್ಧ ಫರ್ಲಾಂಗು ಹೋಗಿರಬೇಕು, ಹಿಂದಿನ ಗಾಲಿ ತಿರುಗುವುದನ್ನು ನಿಲ್ಲಿಸಿತು. ಮಣ್ಣು ಸಂದಿಯನ್ನೆಲ್ಲ ತುಂಬಿ, ಚೈನಿನ ಡಬ್ಬಿಯೊಳಗೆ ಹೊಕ್ಕು, ಗಾಲಿಯನ್ನು ಸಿಮೆಂಟಿನಲ್ಲಿ ನೆಟ್ಟಂತೆ ಹಿಡಿದಿತ್ತು. ಕಟ್ಟಿಗೆಯಿಂದ ಕೆತ್ತಿದೆ. ಹತ್ತು ಮಾರು ಹೋಯಿತು, ಮತ್ತೆ ನಿಂತಿತು. ಮತ್ತೆ ಕೆತ್ತಿದೆ... ಮಧ್ಯಾಹ್ನದ ಹೊತ್ತಿಗೆ ಊರು ಇನ್ನೂ ಎರಡು ಮೈಲು ಇತ್ತು. ಪೆಟ್ಟಿಗೆ ತೆರೆದು ನೋಡಿದರೆ ಬಾಟಲಿಗಳು ಬೆಚ್ಚಗಿನ ನೀರಿನಲ್ಲಿ ತೇಲುತ್ತಿದ್ದವು.

ಆ ಲಸಿಕೆಯನ್ನು ಚುಚ್ಚಿ ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ದನಗಳಂತೂ ದೂರು ಕೊಡುತ್ತಿರಲಿಲ್ಲ. ಅಷ್ಟು ಮಾತ್ರ ಮಾಡಲಿಲ್ಲ. ಗಾಡಿ ತಿರುಗಿಸಿದೆ.

ಸಂಜೆ ಚಾಚಾನ ಅಂಗಡಿಯ ಮುಂದೆ ನಿಂತಾಗ ಗಾಡಿಯೂ ನಾನೂ ಒಂದೇ ಬಣ್ಣಕ್ಕೆ ಬಂದಿದ್ದೆವು. ಅವರು ಟಾಯರನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೊಮ್ಮೆ ಎಮ್ಮೆಯ ಮಾತು ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದೆ.

"ಯಾವ ಊರಿಗೆ ಹೋಗಿದ್ರಿ?"

ಊರಿನ ಹೆಸರು ಹೇಳಿದೆ.

"ಔಷಧ ಮುಟ್ಟಿತೇನ್ರಿ?"

"ಇಲ್ಲ ಚಾಚಾ. ಕೆಟ್ಟು ಹೋತು. ಮತ್ತ ಬರಾಕ ನಾಕು ದಿನಾ ಬೇಕು."

ಅವರು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ನನ್ನ ಮಗಳ್ನ ಆ ಊರಿಗೇ ಕೊಟ್ಟೇನ್ರಿ," ಎಂದರು ಆಮೇಲೆ. "ಅಕೀಗೆ ಇರೂದು ಒಂದ ಎಮ್ಮಿ. ಅದು ಗಬ್ಬ ಐತಿ."

ನನ್ನ ಕಸುಬಿನವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಗಬ್ಬದ ಎಮ್ಮೆಗೆ ಕಾಲುಬಾಯಿ ಬಂದರೆ ಕರು ಹೋಗಬಹುದು, ಹಾಲೂ ಹೋಗಬಹುದು. ಎಮ್ಮೆ ಉಳಿದರೂ ಮನೆಗೆ ಏನೂ ಉಳಿಯುವುದಿಲ್ಲ. ತಪ್ಪಾಯಿತು ಎಂದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗಿನಿಂದ ಎರಡೂಮುಕ್ಕಾಲಿನ ಟಾಯರನ್ನು ತಂದು ನನ್ನ ಕಾಲ ಬಳಿ ಹಾಕಿದರು. ಅದರ ಮೇಲೆ ಟಾಯರ್ ಬಿಚ್ಚುವ ಎರಡು ಕಬ್ಬಿಣದ ಪಟ್ಟಿಗಳನ್ನಿಟ್ಟರು.

"ಕುಂತ್ಕೋರಿ."

"ನಾನೇನ್ ಮಾಡ್ಲಿ ಚಾಚಾ? ನೀವ ಹಾಕಿಕೊಡ್ರಿ."

"ನಾ ಹಾಕಿಕೊಟ್ರ ಸವಣೂರು ದಾಟೂತನಕ ಛಲೋ ಇರ್ತೈತಿ. ಎರಿಯಾಗ ಕೆಟ್ರ ನನ್ನ ಹೊತ್ಕೊಂಡು ಹೋಗ್ತೀರೇನು?"

ಹಾಗೆ ನನ್ನ ಎರಡನೆಯ ವಿದ್ಯಾಭ್ಯಾಸ ಆರಂಭವಾಯಿತು. ನಾಲ್ಕು ದಿನದಲ್ಲಿ ಕಲಿಯಬೇಕು. ಮೊದಲ ಸಂಜೆ ಟಾಯರನ್ನು ರಿಮ್ಮಿನಿಂದ ಕಳಚುವ ಭರದಲ್ಲಿ ಪಟ್ಟಿಯ ತುದಿಯಿಂದ ಟ್ಯೂಬನ್ನು ನಾನೇ ಚುಚ್ಚಿದೆ. ಸರ್ಕಾರಿ ಅಭ್ಯಾಸ, ಕೈಯಲ್ಲಿ ಚೂಪಾದದ್ದಿದ್ದರೆ ಚುಚ್ಚಿಬಿಡುತ್ತದೆ. ಚಾಚಾ ಬೈಯಲಿಲ್ಲ. ಆ ತೂತಿನ ಮೇಲೆಯೇ ತೇಪೆ ಹಾಕುವುದನ್ನು ಕಲಿಸಿದರು. ಮನೆಯಲ್ಲೂ ಅಭ್ಯಾಸ ಮುಂದುವರಿಸಿದೆ. ಹೆಂಡತಿ ನೆರೆಮನೆಯವರಿಗೆ ಕೇಳುವಂತೆ, "ಊರ ದನಕ್ಕ ಸೂಜಿ ಮಾಡೋರು, ಮನಿ ಬಕೀಟಿನಾಗ ಟ್ಯೂಬ್ ಅದ್ದಿ ಗುಳ್ಳಿ ಎಣಸಾಕತ್ತಾರ ನೋಡ್ರೆವಾ" ಎಂದಳು. ಗುಳ್ಳೆ ಎಣಿಸುವುದನ್ನು ಬಿಡಲಿಲ್ಲ.

ಅವರು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಮುಳ್ಳಿನ ವಿಷಯ. ಪಂಕ್ಚರ್ ಆದಾಗ ಎಲ್ಲರೂ ತೂತು ಹುಡುಕಿ ತೇಪೆ ಹಾಕಿ ಹೊರಡುತ್ತಾರೆ. ತೂತು ಮಾಡಿದ ಮುಳ್ಳು ಟಾಯರಿನಲ್ಲಿ ಮುರಿದುಕೊಂಡು ಕೂತೇ ಇರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ, ಒಳಗೆ ಬರಿ ಅಂಗೈಯಿಂದ ಮೆಲ್ಲಗೆ ಸವರುತ್ತ ಹೋಗಬೇಕು. "ಮುಳ್ಳು ಸಿಗೂತನಕ ಟಾಯರ್ ಮುಚ್ಚಬ್ಯಾಡ್ರಿ. ಎಷ್ಟ ಅವಸರ ಇರವಲ್ದ್ಯಾಕ, ಮುಚ್ಚಬ್ಯಾಡ್ರಿ." ಅವರ ಅಂಗೈಯಲ್ಲಿ ಗೆರೆಗಳಿಗಿಂತ ಗೀರುಗಳೇ ಹೆಚ್ಚಿದ್ದವು.

ಸ್ಪೋಕ್‌ಗಳದು, ಅಂದರೆ ಗಾಲಿಯ ಕಡ್ಡಿಗಳದು, ಬೇರೆಯದೇ ಶಾಸ್ತ್ರ. ಗಾಲಿಯನ್ನು ಎತ್ತಿ ನಿಲ್ಲಿಸಿ ಒಂದೊಂದು ಸ್ಪೋಕನ್ನೂ ಬೆರಳಿನಿಂದ ಮೀಟುತ್ತ ಬರುವುದು. ಬಿಗಿಯಾದದ್ದು ಟಿಂಗ್ ಎನ್ನುತ್ತದೆ, ಸಡಿಲಾದದ್ದು ಟಪ್ ಎನ್ನುತ್ತದೆ. ನನಗೆ ಮೂವತ್ತಾರೂ ಒಂದೇ ಥರ ಕೇಳುತ್ತಿದ್ದವು. ಚಾಚಾ ಅತ್ತ ಬೇರೆಯವರ ಗಾಡಿಗೆ ಗಾಳಿ ಹಾಕುತ್ತಲೇ, ತಿರುಗಿ ನೋಡದೆ, "ಈಗ ಮೀಟಿದ್ದರ ಹಿಂದಿಂದು" ಎನ್ನುತ್ತಿದ್ದರು. ಸಡಿಲಾದದ್ದು ಅದೇ ಆಗಿರುತ್ತಿತ್ತು.

ಐದನೆಯ ದಿನ ಲಸಿಕೆ ಬಂತು. ಹಿಂದಿನ ದಿನ ಮಳೆಯೂ ಬಂದಿತ್ತು. ಮುಂದಿನ ಮಡ್‌ಗಾರ್ಡಿನ ಕೆಳಗೆ ದಪ್ಪ ವಾಶರ್ ಕೊಟ್ಟು ಚಾಚಾ ಅದನ್ನು ಎತ್ತರಿಸಿದ್ದರು. ಗಾಡಿ ಟೊಪ್ಪಿಗೆ ಹಿಂದೆ ಸರಿಸಿಕೊಂಡ ಹೊಲದ ಆಳಿನಂತೆ ಕಾಣುತ್ತಿತ್ತು. ಗಾಡಿದಾರಿಗೆ ಇಳಿದೆ. ಮಣ್ಣು ಮೆತ್ತಿತು, ಆದರೆ ಉದುರಿತು. ನಡುದಾರಿಯಲ್ಲಿ ಹಿಂದಿನ ಗಾಲಿ ಕುಸಿಯಿತು: ಪಂಕ್ಚರ್. ಸುತ್ತ ಹೊಲ, ಎಲ್ಲಿಯೂ ಮನುಷ್ಯರಿಲ್ಲ. ಪೆಟ್ಟಿಗೆಯನ್ನು ಜಾಲಿಗಿಡದ ನೆರಳಿನಲ್ಲಿಟ್ಟು ಕೆಸರಿನಲ್ಲಿಯೇ ಕುಳಿತೆ. ತೇಪೆ ಹಾಕಿ ಬಿಡೋಣವೆಂದು ಮನಸ್ಸು ನೂರು ಸಲ ಹೇಳಿತು. ಅಂಗೈ ಒಳಗಿಟ್ಟು ಸವರಿದೆ. ಎರಡನೆಯ ಸುತ್ತಿನಲ್ಲಿ ಚುಚ್ಚಿತು. ನೋವಿಗೆ ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಊರು ಮುಟ್ಟಿದಾಗ ಪೆಟ್ಟಿಗೆ ಅಲ್ಲಾಡಿಸಿದರೆ ಇನ್ನೂ ಗಡ್ಡೆಯ ಸದ್ದು ಬರುತ್ತಿತ್ತು. ಮೊದಲು ಆ ಎಮ್ಮೆಯ ಕಡೆಗೇ ನಡೆದೆ. ಚಾಚಾನ ಮಗಳು ಹಗ್ಗ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಬಂದ್ರೇನ್ರಿ ಡಾಕ್ಟ್ರ? ಆವತ್ತ ನೀವು ಬರ್ತೀರಂತ ದನಾ ಎಲ್ಲಾ ಉಪಾಸ ಕಟ್ಟಿದ್ವಿ. ನಿಮ್ಮ ಹೆಸರಿಲೆ ರೋಜಾ ಮಾಡಿದ್ವು ಪಾಪ." ಗಾಲಿಯತ್ತ ಬಗ್ಗಿ ನೋಡಿ, "ಇದು ಅಬ್ಬಾನ ಕೈಕೆಲಸ ಅಲ್ಲಲ್ರಿ?" ಎಂದಳು.

"ಅಲ್ಲವ್ವ. ನಾನ ಮಾಡೇನಿ."

"ಅದಕ್ಕ ಇಷ್ಟು ಹೊತ್ತಾತು."

ಎಮ್ಮೆಗೆ ಸೂಜಿ ಹಾಕಿದೆ. ಮತ್ತೆ ಊರಿನ ಎಲ್ಲ ದನಗಳಿಗೂ. ಬೇನೆ ಆ ಊರಿನ ಅಗಸಿ ಬಾಗಿಲಿನವರೆಗೆ ಬಂದು ಬೇರೆ ದಾರಿ ಹಿಡಿಯಿತು. ಲಸಿಕೆಯ ಗುಣವೋ ಊರಿನ ದೈವವೋ, ವರದಿಯಲ್ಲಿ ಲಸಿಕೆಯದೆಂದೇ ಬರೆದೆ. ಎಮ್ಮೆ ಹೆಣ್ಣುಗರು ಹಾಕಿತು. ಆ ಸುದ್ದಿಯನ್ನು ನಾನೇ ಮೊದಲು ಹೇಳಬೇಕೆಂದು ಅಂಗಡಿಗೆ ಓಡಿದರೆ ಚಾಚಾನಿಗೆ ಆಗಲೇ ಗೊತ್ತಿತ್ತು. ಉಪಕಾರದ ಮಾತು ಆಡಲಿಲ್ಲ. ನನ್ನ ಗಾಲಿ ಬಿಚ್ಚಿಸಿ, ದಾರಿಯಲ್ಲಿ ನಾನು ಹಾಕಿದ್ದ ತೇಪೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಕುಂತೈತಿ" ಎಂದರು. ನನ್ನ ನೌಕರಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಹಿರೇಕೆರೂರು ತಾಲ್ಲೂಕಿಗೆ ವರ್ಗವಾಯಿತು. ಒಂದು ಬೆಳಿಗ್ಗೆ ಅಬಲೂರಿನಲ್ಲಿ ಎತ್ತುಗಳಿಗೆ ಸೂಜಿ ಹಾಕುತ್ತಿದ್ದಾಗ ಸವಣೂರಿನಿಂದ ಹೆಂಡತಿಯ ಫೋನು ಬಂತು. ಚಾಚಾ ಹೋದರು... ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು. ಗಾಡಿ ಹತ್ತಿದೆ. ಹಾನಗಲ್ ದಾಟಿದ ಮೇಲೆ ಹಿಂದಿನ ಗಾಲಿ ಕುಸಿಯಿತು. ದಾರಿಯ ಪಕ್ಕ ಕುಳಿತೆ. ತೂತು ಕೂಡಲೇ ಸಿಕ್ಕಿತು, ಮುಳ್ಳು ಸಿಗಲಿಲ್ಲ. ಅಂಗೈ ಒಂದು ಸುತ್ತು ಹೋಯಿತು, ಎರಡು, ಮೂರು... ಬಿಸಿಲು ನೆತ್ತಿಗೆ ಬಂತು. ಮುಚ್ಚಿಕೊಂಡು ಹೊರಟಿದ್ದರೆ ಮಣ್ಣಿನ ಹೊತ್ತಿಗೆ ಮುಟ್ಟುತ್ತಿದ್ದೆನೋ ಏನೋ. ಮುಚ್ಚಲಿಲ್ಲ.

ಸವಣೂರು ಮುಟ್ಟಿದಾಗ ಗಂಡಸರು ಖಬರಸ್ತಾನದಿಂದ ತಿರುಗಿ ಬರುತ್ತಿದ್ದರು. ಚಾಚಾನ ಮಗಳು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ನನ್ನ ಕಪ್ಪು ಕೈಗಳನ್ನು ನೋಡಿದಳು.

"ಎಲ್ಲೆ ತಡಾ ಆತ್ರಿ ಡಾಕ್ಟ್ರ?"

"ಪಂಕ್ಚರ್ ಆಗಿತ್ತವ್ವ. ಮುಳ್ಳು ಲಗೂ ಸಿಗಲಿಲ್ಲ."

"ಸಿಕ್ತಿಲ್ಲೋ?"

"ಸಿಕ್ತು."

"ಹಂಗಾರ ಛಲೋ ಆತು ಬಿಡ್ರಿ," ಎಂದು ಮುಖ ಅತ್ತ ತಿರುಗಿಸಿದಳು.

ನಾನೀಗ ನಿವೃತ್ತ. ಸೂಜಿ ಬಿಟ್ಟರೂ ಗಾಡಿ ಬಿಟ್ಟಿಲ್ಲ. ಮಗ ಅದನ್ನು ಗುಜರಿಗೆ ಹಾಕಿ ಕಡ್ಡಿಯಿಲ್ಲದ, ಟ್ಯೂಬಿಲ್ಲದ ಗಾಲಿಯದೊಂದು ತೆಗೆದುಕೊಳ್ಳಿ ಎನ್ನುತ್ತಾನೆ. ಒಳ್ಳೆಯ ಸಲಹೆ, ಪಾಲಿಸುವ ಉದ್ದೇಶವಿಲ್ಲ. ಇಂದು ಬೆಳಿಗ್ಗೆ ಹಿಂದಿನ ಗಾಲಿಯನ್ನು ಅಂಗಳದಲ್ಲಿ ಎತ್ತಿ ನಿಲ್ಲಿಸಿ ತಿರುಗಿಸಿದೆ. ಎಡಕ್ಕೆ ಒಂದಿಷ್ಟು ಓಲುತ್ತಿದೆ. ಎಲ್ಲೋ ಒಂದು ಸ್ಪೋಕ್ ಸಡಿಲಾಗಿದೆ. ಮೂವತ್ತಾರನ್ನೂ ಎರಡು ಸಲ ಮೀಟಿದೆ, ಎಲ್ಲವೂ ಒಂದೇ ಥರ ಕೇಳಿದವು. ಬೆನ್ನ ಹಿಂದಿನಿಂದ ಯಾರೂ ಏನೂ ಹೇಳಲಿಲ್ಲ. ಆಮೇಲೆ ವಾಲ್ವಿನ ಪಕ್ಕದ ಸ್ಪೋಕಿಗೆ ಸೀಮೆಸುಣ್ಣದ ಗುರುತು ಹಾಕಿ, ಮತ್ತೆ ಒಂದರಿಂದ ಶುರು ಮಾಡಿದೆ.