ಬಾಗಿಲ ಮೇಲಿನ ಕಳ್ಳಿ

ನಮ್ಮ ಬೋಗಾದಿ ಮನೆಗೆ ಕಳ್ಳಿ ಬಂದದ್ದು ಅವ್ವನ ಜೊತೆಗೇ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಊರಿನಿಂದ ಕರೆತಂದೆ. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಗೋಣಿತಾಟು ಸುತ್ತಿದ ಕಳ್ಳಿಯ ತುಂಡು. ಪಾಪಾಸುಕಳ್ಳಿಯಲ್ಲ. ಹೊಲದ ಬೇಲಿಗೆ ನೆಡುತ್ತಾರಲ್ಲ, ಮೂರು ಏಣಿನ ಕಾಂಡ, ಏಣಿನುದ್ದಕ್ಕೂ ಜೋಡಿಮುಳ್ಳು, ಗೀರಿದರೆ ಸಾಕು ಬಿಳೀ ಹಾಲು ಸುರಿಸುವುದು, ಅದು. ಬಸ್ಸಿನಲ್ಲಿ ಪಕ್ಕದವರ ಸೀರೆಗೆ ತಗಲುತ್ತದೆ ಎಂದು ನಾನು ಗೊಣಗಿದರೆ, "ತಗುಲುದ್ರೆ ತಗುಲ್ಲಿ ಬುಡು. ನಾಳೆ ಮನೆ ಕಾಯೋದು ಅದೇಯ" ಎಂದಳು.

ನನಗೆ ಮನೆಯದಲ್ಲ, ಅವಳ ಕಣ್ಣಿನ ಚಿಂತೆ. ಎಡಗಣ್ಣು ಎಂದೋ ಹೋಗಿತ್ತು. ಉಳಿದಿದ್ದು ಬಲಗಣ್ಣೊಂದೇ, ಅದರ ಪೊರೆಯನ್ನೂ ಇಲ್ಲಿಗೆ ಬಂದ ಮೇಲೆ ತೆಗೆಸಿದ್ದಾಯಿತು. "ಇದೊಂದನ್ನು ಜೋಪಾನವಾಗಿ ನೋಡಿಕೊಳ್ಳಿ" ಎಂದು ಡಾಕ್ಟರು ಹೇಳಿದ್ದು ಅವಳಿಗಲ್ಲ, ನನಗೆ.

ಕಳ್ಳಿ ಬೆಳೆಸುವುದರಲ್ಲಿ ಏನು ಮಹಾ ಇದೆ ಎಂದುಕೊಂಡಿದ್ದೆ. ಇದೆ. ಕಡಿದ ತುಂಡನ್ನು ಕೂಡಲೇ ನೆಡುವಂತಿಲ್ಲ, ನೇತುಹಾಕುವಂತೆಯೂ ಇಲ್ಲ. ಕೊಯ್ದ ಬಾಯಿಗೆ ಬೂದಿ ಮೆತ್ತಿ, ಹಾಲು ಒಣಗಿ ಹಕ್ಕಳೆ ಕಟ್ಟುವವರೆಗೆ ನೆರಳಲ್ಲಿ ಮಲಗಿಸಬೇಕು. ಅವ್ವ ಹಳೇ ಪೇಂಟ್ ಬಕೆಟ್ಟಿಗೆ ತೂತು ಹೊಡೆಸಿ, ಪಕ್ಕದ ಸೈಟಿನ ಮರಳು, ಇಟ್ಟಿಗೆ ಚೂರು, ಒಂದಿಷ್ಟು ಕೆಮ್ಮಣ್ಣು ಬೆರೆಸಿ ನೆಟ್ಟಳು. ನಾನು ಚೊಂಬು ಎತ್ತಿಕೊಂಡು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದಳು. "ನೀರು ಉಯ್ದು ಸಾಯಿಸ್ಬುಟ್ಟೀಯ ಕಣಮ್ಮ. ಅದು ಒಣಗ್ಕಂಡೇ ಬದುಕ್ಬೇಕು." ಒಂದು ಮಳೆಗಾಲ ಬುಡ ಮೆತ್ತಗಾಗಿ ಹಳದಿ ತಿರುಗಿತು. ಪೀಡೆ ತೊಲಗಿತು ಎಂದುಕೊಂಡೆ. ಅವಳು ಕೊಳೆತದ್ದನ್ನು ಕೊಯ್ದು ತೆಗೆದು, ಉಳಿದದ್ದನ್ನು ಒಣಗಿಸಿ ಮತ್ತೆ ನೆಟ್ಟಳು. ಆಮೇಲೆ ಅದು ಬೆಳೆದ ಪರಿ ನೋಡಬೇಕಿತ್ತು. ಕಾಂಪೌಂಡಿನ ಎತ್ತರ ದಾಟಿ ಅಡುಗೆಮನೆಯ ಕಿಟಕಿಗೆ ಕೈ ಚಾಚಿತು. ಒಂದು ಹುಳವೂ ಮುಟ್ಟಲಿಲ್ಲ, ಬೀದಿಯ ಹಸು ಮೂಸಿಯೂ ನೋಡಲಿಲ್ಲ.

ವರ್ಷಕ್ಕೊಮ್ಮೆ, ಒಂದು ಅಮಾವಾಸ್ಯೆಯ ದಿನ, ಅವಳು ಅದರ ಒಂದು ಕೈ ಕಡಿದು ಕರಿದಾರದಲ್ಲಿ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುತ್ತಿದ್ದಳು. ದೃಷ್ಟಿಗೆ. ನಮ್ಮ ಲೇಔಟಿನಲ್ಲಿ ಕಟ್ಟುತ್ತಿರುವ ಮನೆಗಳಲ್ಲೂ ಇದು ತೂಗಾಡುತ್ತಿರುತ್ತದೆ, ಹೊಸದೇನಲ್ಲ. ಆದರೆ ನಮ್ಮದು ಸಾಯುತ್ತಲೇ ಇರಲಿಲ್ಲ. ಮಣ್ಣಿಲ್ಲ, ನೀರಿಲ್ಲ, ಆದರೂ ತುದಿ ನಿಧಾನಕ್ಕೆ ಬಾಗಿ ಮತ್ತೆ ಆಕಾಶದ ಕಡೆ ತಿರುಗುತ್ತಿತ್ತು, ಎಲೆ ಚಿಗುರುತ್ತಿತ್ತು. ಚಿಗುರಿದರೆ ಮನೆಗೆ ಕೇಡಿಲ್ಲ ಎಂದು ಅವಳ ನಂಬಿಕೆ. ಬೆಳಿಗ್ಗೆ ಕಾಫಿಗೆ ಮೊದಲು ಹೊಸಿಲ ಮೇಲೆ ನಿಂತು, ಮುಖ ಎತ್ತಿ ಅದನ್ನು ನೋಡಿದ ಮೇಲೇ ಅವಳಿಗೆ ಬೆಳಕು ಹರಿಯುತ್ತಿದ್ದದ್ದು. ನನಗೋ ಅದನ್ನು ಕಂಡರೆ ಆಗುತ್ತಿರಲಿಲ್ಲ. ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದು, ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ನುಗ್ಗುತ್ತಿದ್ದೆ.

ಒಮ್ಮೆ ಅದರ ಹಾಲು ನನ್ನ ಮಣಿಕಟ್ಟಿಗೆ ತಗುಲಿ ಬೊಬ್ಬೆ ಎದ್ದಿತು. ನನಗೆ ಕೋಪ ಮೂಗಿನ ತುದಿಯಲ್ಲೇ. "ಇದು ನಿನ್ನ ಕಣ್ಣಿಗೆ ಬಿದ್ರೆ ಏನವ್ವ ಗತಿ? ಇರೋದೊಂದು ಕಣ್ಣು" ಎಂದೆ.

"ಹುಟ್ದಾಗ್ಲಿಂದ ಕುಯ್ತಾ ಇವ್ನಿ. ನಂಗೇನಾಗೈತೆ?"

"ಆಗ್ಲಿ, ಅವತ್ತೇ ಬೇರುಸಮೇತ ಕಿತ್ತು ಬಿಸಾಕ್ತೀನಿ. ನಿನ್ನಾಣೆ."

ಮಾತಿಗೆ ಮಾತು ಕೊಡುವವಳು ಅವತ್ತು ಸುಮ್ಮನಾದಳು. ನಾನು ಗೆದ್ದೆ ಎಂದುಕೊಂಡೆ.

ಈ ಸಲದ ಅಮಾವಾಸ್ಯೆಗೆ ಅವಳು ಮೊದಲೇ ಕಡಿದಿಡುವುದನ್ನು ಮರೆತಿದ್ದಳು. ಒಣಗಿಸಲು ಕೂತರೆ ಅಮಾವಾಸ್ಯೆ ಕಳೆದುಹೋಗುತ್ತದೆ ಎಂದು ಹಸಿ ತುಂಡನ್ನೇ ತಂದು ಕಟ್ಟಿದ್ದಾಳೆ. ಗಂಟು ಕಾಣಲೆಂದು ಸ್ಟೂಲಿನ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ನಿಂತಾಗ, ಕೊಯ್ದ ಬಾಯಿಂದ ಹಾಲು ಏಣಿನಗುಂಟ ಇಳಿದು ನೇರ ಬಲಗಣ್ಣಿಗೆ.

ಅವಳು ಕೂಗಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೊಸಿಲ ಮೇಲೆ ಕೂತಿದ್ದಳು. ಮಹಡಿ ಮನೆಯ ಬಾಣಂತಿ ಒಳಲೆಯಲ್ಲಿ ಎದೆಹಾಲು ತಂದು ಆ ಕಣ್ಣಿಗೆ ಬಿಡುತ್ತಿದ್ದಳು. ನೀರು ಮುಟ್ಟಿಸಿರಲೇ ಇಲ್ಲ. "ತಣ್ಣಗಾಯ್ತಾ ಐತೆ, ಗಾಬ್ರಿ ಆಗ್ಬೇಡ" ಎಂದಳು ಅವ್ವ. ತುಟಿ ಅದುರುತ್ತಿತ್ತು. ಬಾಣಂತಿಯನ್ನು ಬಾಯಿಗೆ ಬಂದಂತೆ ಬೈದೆ, ಪಾಪ. ಅವ್ವನನ್ನು ನಲ್ಲಿಯ ಕೆಳಗೆ ಎಳೆದು ನೀರು ಬಿಟ್ಟೆ, ಆಟೊ ಹತ್ತಿಸಿದೆ.

ಆಸ್ಪತ್ರೆಯಲ್ಲಿ, "ಕೂಡಲೇ ನೀರಲ್ಲಿ ತೊಳೆದ್ರಾ ಅಮ್ಮ?" ಎಂದು ಡಾಕ್ಟರು ಕೇಳಿದರು. "ಹೂಂ, ಆಗ್ಲೇಯ" ಎಂದಳು. ನಾನು ನಡುವೆ ಬಾಯಿ ಹಾಕಿ ನಿಜ ಹೇಳಬೇಕಾಯಿತು. ಕಣ್ಣಿನ ಮೇಲ್ಪದರ ಸುಟ್ಟಿದೆ, ಪಟ್ಟಿ ತೆಗೆದ ಮೇಲೆ ಮಂಜು ತಿಳಿಯಾಗುತ್ತಾ ಬರಬೇಕು, ಆಗದಿದ್ದರೆ ಒಂದು ದಿನವೂ ಕಾಯದೆ ಕರೆದುಕೊಂಡು ಬನ್ನಿ ಎಂದರು.

ಅವಳು ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನಾನು ಆಣೆ ಉಳಿಸಿಕೊಂಡೆ. ಬಾಗಿಲ ಮೇಲಿನದನ್ನು ಕತ್ತರಿಸಿ ಇಳಿಸಿದೆ. ಕಸದ ಗಾಡಿಯವನು ಬಕೆಟ್ಟು ನೋಡಿ, "ಇದ್ನೆಲ್ಲ ಹತ್ತಿಸ್ಕಳಲ್ಲ ಕಣಕ್ಕ" ಎಂದ. ಕೈಗೆ ಗೋಣಿ ಸುತ್ತಿಕೊಂಡು ಹಿಂದಿನ ಖಾಲಿ ಸೈಟಿಗೆ ನಾನೇ ಎಳೆದು ಹಾಕಿದೆ.

ಪಟ್ಟಿ ಬಿಚ್ಚಿದ ದಿನ ಜಗಳಕ್ಕೆ ಸಿದ್ಧಳಾಗಿದ್ದೆ. ಅವಳು ಏನೂ ಅನ್ನಲಿಲ್ಲ. ಬುದ್ಧಿ ಬಂತಲ್ಲ ಸದ್ಯ ಎಂದು ನನಗೆ ಸಮಾಧಾನವೇ ಆಯಿತು. "ಕಾಣುತ್ತಾ?" ಎಂದರೆ, "ಎಲ್ಲಾ ಕಾಣ್ತೈತೆ" ಎಂದಳು. ಅಡುಗೆಮನೆಗೆ ತಾನೇ ಹೋಗುತ್ತಿದ್ದಳು, ಲೋಟ ತಾನೇ ತೆಗೆದುಕೊಳ್ಳುತ್ತಿದ್ದಳು. ದಿನವೂ ಕೇಳುತ್ತಿದ್ದೆ, ದಿನವೂ ಅದೇ ಉತ್ತರ. ಡಾಕ್ಟರ ಹತ್ತಿರ ಮತ್ತೆ ಹೋಗೋಣವೆಂದರೆ, "ಚೆನ್ನಾಗಿರೋ ಕಣ್ಣ ಯಾಕೆ ಕೆದುಕ್ಸೀಯ?" ನಾನು ನೆಮ್ಮದಿಯಾಗಿ ಅಂಗಡಿಗೆ ಹೋಗಿ ಬರುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಅವ್ವ ಹೊಸಿಲ ಮೇಲೆ ನಿಂತು, ಎಂದಿನಂತೆ ಮುಖ ಎತ್ತಿದಳು.

"ನೋಡಮ್ಮ, ಎಂಗೆ ಚಿಗುರೈತೆ. ನಂಗೆ ಎಲ್ಲಾ ಕಾಣ್ತೈತೆ ಕಣಮ್ಮ. ಇನ್ನ ಅದನ್ನ ಕೀಳ್ಬೇಡ."

ಮೇಲೆ ಬರೀ ಮೊಳೆ ಇತ್ತು. ಮೊಳೆಗೆ ಒಂದು ತುಂಡು ಕರಿದಾರ.

"ಇಲ್ಲ ಕಣವ್ವ, ಕೀಳಲ್ಲ" ಎಂದೆ. "ಚಪ್ಪಲಿ ಹಾಕ್ಕೋ, ಇಲ್ಲೇ ಒಂದು ಸುತ್ತು ಹೋಗಿ ಬರೋಣ."

ಆಟೊಗೆ ಫೋನ್ ಮಾಡುತ್ತಾ ಅವಳನ್ನೇ ನೋಡುತ್ತಿದ್ದೆ. ಚಪ್ಪಲಿ ಅವಳ ಮುಂದೆಯೇ ಇತ್ತು. ಅವಳ ಪಾದ ಅದನ್ನು ಆ ಪಕ್ಕ ಈ ಪಕ್ಕ ಹುಡುಕುತ್ತಿತ್ತು.