ಮಿಡತೆಗಳಿಗೆ ಉಣಿಸುತ್ತಿದ್ದ ಆಯಿ

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸೀರೆ ನೇಯುವ ಒಬ್ಬ ಆಯಿ ಇದ್ದರು. ಮಾಂಸದ ವಾಸನೆಯನ್ನೂ ಸಹಿಸದ ಅವರು, ಬೇಲಿಯಲ್ಲಿ ಬಿದ್ದಿದ್ದ ಊಸರವಳ್ಳಿಯೊಂದನ್ನು ತಂದು ಸಾಕಿದ್ದರು. ಎಲುಬು ಮೆತ್ತಗಾಗಿ ಅದರ ಕಾಲುಗಳು ಬಾಗಿದ್ದವು. ಮಿಡತೆಗಳನ್ನು ಚೆನ್ನಾಗಿ ಮೇಯಿಸಿ, ಕ್ಯಾಲ್ಸಿಯಂ ಪುಡಿ ಹಚ್ಚಿ ತಿನ್ನಿಸಬೇಕೆಂದು ದನದ ಡಾಕ್ಟರು ಹೇಳಿದ್ದರು.

ಆಯಿ ಡಬ್ಬಿಯೊಳಗಿನ ಮಿಡತೆಗಳಿಗೆ ದಿನವೂ ಸೊಪ್ಪು, ಗಜ್ಜರಿಯ ತೆಳು ಹೋಳು ಇಡುತ್ತಿದ್ದರು. ಅವು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕೂತು, “ಹಸದವರನ್ನ ಕಳಸಬಾರದಪ್ಪ,” ಅನ್ನುತ್ತಿದ್ದರು.

ಒಮ್ಮೆ ಊಸರವಳ್ಳಿ ತಿನ್ನುವುದನ್ನೇ ಬಿಟ್ಟಿತು. ಇವತ್ತೂ ತಿನ್ನದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ ಆಯಿ ನನ್ನನ್ನು ಕರೆದರು. ಒಂದು ಮಿಡತೆಯನ್ನು ಪುಡಿಯಲ್ಲಿ ಹೊರಳಿಸಿ ಅದರ ಮುಂದೆ ಹಿಡಿದರು. ಊಸರವಳ್ಳಿಯ ಒಂದು ಕಣ್ಣು ಬೆಳ್ಳಗಾದ ಮಿಡತೆಯತ್ತ ತಿರುಗಿತು. ಇನ್ನೊಂದು ನನ್ನ ಮೇಲೆಯೇ ನಿಂತಿತು. ನಾನು ಹಿಂದೆ ಸರಿದೆ.

“ಹೆದರಬ್ಯಾಡೋ. ನಿನ್ನ ತಿಂದರ ಅದಕ್ಕೇನ್ ಸಿಗತೈತಿ, ಬರೇ ಎಲುಬು!” ಎಂದರು ಆಯಿ.

ನಾಲಿಗೆ ಚಿಮ್ಮಿತು. ಮಿಡತೆ ಇರಲಿಲ್ಲ.

“ಉಳೀತು ಆಯಿ,” ಎಂದೆ.

“ಇನ್ನೊಂದು ತಿಂದರ ಖರೆ,” ಎಂದು ಅವರು ಡಬ್ಬಿಯ ಮುಚ್ಚಳ ತೆಗೆದು ಕೈ ಇಳಿಸಿದರು. ಮಿಡತೆಗಳು ಬೆದರಿ ಹಾರಲಿಲ್ಲ. ದಿನವೂ ಉಣಿಸುವ ಆ ಬೆರಳುಗಳ ಕಡೆಗೆ ಒಂದನ್ನೊಂದು ತಳ್ಳಿಕೊಂಡು ಬಂದವು.