ನೀರು ಬಿಟ್ಟಾರ, ಬಾ

ದೆವ್ವ, ಶಕುನ, ಮನಸ್ಸಿಗೆ ಮೊದಲೇ ತಿಳೀತು ಅಂತ ಯಾರಾದರೂ ಶುರು ಮಾಡಿದರೆ ನಾನು ಚಹಾದ ಕಪ್ಪು ಹಿಡಿದು ಒಳಗೆ ಎದ್ದು ಹೋಗುವವಳು. ಈಗಲೂ ಅಂಥ ಮಾತಿಗೆ ನನಗೆ ಸಿಟ್ಟೇ ಬರುತ್ತದೆ. ಆದರೆ ಮೊದಲು ಆ ಸಿಟ್ಟು ಹೇಳುವವರ ಮೇಲಿತ್ತು, ಈಗ ನನ್ನ ಮೇಲೆಯೇ. ಎಲ್ಲ ಸುಳ್ಳು ಅಂತ ಗಟ್ಟಿಯಾಗಿ ಹೇಳಲು ನನಗೀಗ ನಾಲಿಗೆ ಏಳುವುದಿಲ್ಲ.

ನಾನು ಕೊಟ್ಟೂರಿನವಳು. ಡಾಕ್ಟರಿಕೆ ಓದಲು ಮನಿಲಾಕ್ಕೆ ಹೋಗಿ ಬಂದವಳು. ಬಂದಾಗಿನಿಂದ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲಾ ಕಡೆಯಿಂದ ಫೋನು. "ನಮ್ಮ ಹುಡುಗಿನೂ ಅಲ್ಲಿಗೇ ಹೊಂಟಾಳ್ರಿ, ಏನೇನು ಒಯ್ಯಬೇಕು, ಹೆಂಗಿರಬೇಕು, ಸ್ವಲ್ಪ ಹೇಳ್ರಿ." ಹೇಳಿ ಹೇಳಿ ನನ್ನ ಬಾಯಿ ನೋಯ್ತು. ಛತ್ರಿ ಗಟ್ಟಿಯದು ಒಯ್ಯಿರಿ, ಅಲ್ಲಿಯ ಮಳೆಗಾಳಿಗೆ ಅಗ್ಗದ ಛತ್ರಿ ಉಲ್ಟಾ ತಿರುಗಿ ನಿಲ್ಲುತ್ತದೆ. ಕುಡಿಯೋ ನೀರಿಗೆ ಕ್ಯಾನು ತರಿಸಿಕೊಳ್ಳಿ. ಕಾಯಿಪಲ್ಯ ಅಂತ ನಂಬಿ ಬಾಯಿಗಿಡಬೇಡಿ, ಒಳಗೆ ಸೀಗಡಿ ಇರುತ್ತದೆ, ಕೇಳಿ ತಿನ್ನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು, ಪಾತ್ರೆಪಗಡ ಎಲ್ಲಾ ಅಲ್ಲೇ ಸಿಗುತ್ತದೆ. ಎಲ್ಲಕ್ಕೂ ಹೂಂ ಹೂಂ ಅಂತಾರೆ. ಆಮೇಲೆ ಕುಕ್ಕರು, ಇಡ್ಲಿ ಪಾತ್ರೆ, ಲಟ್ಟಣಿಗೆ, ಮಣೆ ಎಲ್ಲಾ ತುಂಬಿಕೊಂಡು ಹೋಗಿ, ಏರ್‌ಪೋರ್ಟಿನಲ್ಲಿ ತೂಕ ಹೆಚ್ಚಾಯಿತು ಅಂತ ನನಗೇ ಫೋನು ಮಾಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!

ಒಂದು ಮಾತಿಗೆ ಮಾತ್ರ ನನ್ನ ದನಿ ಏರುತ್ತದೆ. ಒಲೆ ಹಚ್ಚಿ ಅಡ್ಡಾಗಬೇಡಿ, ಕಿಟಕಿ ಮುಚ್ಚಬೇಡಿ, ಒಲೆಯ ಹತ್ತಿರ ನೆಲದ ಮೇಲೆ ಮಲಗಲೇಬೇಡಿ. "ನೆಲದ ಮ್ಯಾಲೆ ಮಲಗಿದ್ರ ಏನಾಕ್ಕೈತ್ರಿ?" ಅಂತಾರೆ. ಏನಾಗುತ್ತದೆ ಅಂತ ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಹೇಳಿಲ್ಲ.

ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಯಾವಾಗ ಬಿಡುತ್ತಾರೋ ಆ ಶಿವನೇ ಬಲ್ಲ. ಅದಕ್ಕೇ ಮೊದಲು ನೀರು ಕಂಡವರು ಓಣಿಗೆಲ್ಲ ಕೂಗಬೇಕು. ಆ ಕೆಲಸ ಪಕ್ಕದ ಮನೆಯ ಹುಸೇನಬಿ ಚಾಚಿಯದು. ಗಂಡನದು ಮನೆಯ ಮುಂದೆಯೇ ಮೋಟರ್‌ಸೈಕಲ್ ರಿಪೇರಿ ಅಂಗಡಿ, ಆ ಗದ್ದಲ ಮೀರಿ ಮಾತಾಡಿ ಮಾತಾಡಿ ಚಾಚಿಯ ಗಂಟಲು ಓಣಿಗೆಲ್ಲ ಕೇಳುವಷ್ಟು ದೊಡ್ಡದಾಗಿದೆ. ಒಂದೊಂದು ಮನೆಯಿಂದ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾಳೆ. ನಮ್ಮ ಮನೆಗೆ ನಾನು. "ಸಣ್ಣವ್ವಾ, ನೀರು ಬಿಟ್ಟಾರ, ಬಾ!" ಒಳಗಿನಿಂದ "ಬಂದೆ ಚಾಚಿ" ಅನ್ನುವ ತನಕ ಬಿಡುವವಳಲ್ಲ. ಪರೀಕ್ಷೆ ಇರಲಿ, ಜ್ವರ ಇರಲಿ, ಆ ಕೂಗಿಗೆ ನಾನು ಏಳದೆ ಇದ್ದದ್ದೇ ಇಲ್ಲ.

ಮನಿಲಾದಲ್ಲಿ ನಾನು ಮತ್ತು ಹರಪನಹಳ್ಳಿಯ ನಾಗವೇಣಿ ಒಂದೇ ಖೋಲಿಯಲ್ಲಿದ್ದೆವು. ಅಡುಗೆ, ಓದು, ನಿದ್ದೆ ಎಲ್ಲಾ ಅದರಲ್ಲೇ. ನನಗೆ ಮಂಚ. ಅವಳಿಗೆ ನೆಲ ಇಲ್ಲದಿದ್ದರೆ ನಿದ್ದೆಯೇ ಬಾರದು, ಒಲೆಕಟ್ಟೆಯ ಪಕ್ಕ ಚಾಪೆ ಹಾಸುತ್ತಿದ್ದಳು. ಮಳೆಗಾಲದ ಒಂದು ಮಧ್ಯಾಹ್ನ ನೆಗಡಿಯಾಗಿ ಮೂಗು ಕಟ್ಟಿ, ಮಾತ್ರೆ ನುಂಗಿ ನಾನು ಮಲಗಿದ್ದೆ. ಇರಚಲು ಬಡಿಯುತ್ತದೆ ಅಂತ ಕಿಟಕಿ ಮುಚ್ಚಿದ್ದೆವು. ನಾಗವೇಣಿ ಹಾಲು ಕಾಯಲಿಟ್ಟು ಪುಸ್ತಕ ಹಿಡಿದು ಚಾಪೆಯ ಮೇಲೆ ಅಡ್ಡಾಗಿದ್ದಳು.

"ಸಣ್ಣವ್ವಾ, ನೀರು ಬಿಟ್ಟಾರ, ಬಾ!"

ಚಾಚಿಯದೇ ದನಿ. ಬಾಗಿಲಾಚೆ ನಿಂತು ಕರೆದ ಹಾಗೆ, ಅದೇ ಸಿಡಿಮಿಡಿ ಸಮೇತ. "ಬಂದೆ ಚಾಚಿ!" ಅಂತ ಕೂಗಿ ಎದ್ದವಳೇ ಬಕೆಟ್ ಹಿಡಿದು ನಳದ ಮುಂದೆ ಹೋಗಿ ನಿಂತೆ. ಆ ಖೋಲಿಯಲ್ಲಿ ತಿರುಗಿಸಿದಾಗಲೆಲ್ಲ ನೀರು ಬರುತ್ತದೆ, ಹಿಡಿದಿಡುವ ಕೆಲಸವೇ ಇಲ್ಲ ಅನ್ನುವುದು ಆಗ ನೆನಪಾಯಿತು. ಥೂ, ನಿದ್ದೆ ಹಾಳಾಯಿತಲ್ಲ ಅಂತ ಬೈದುಕೊಳ್ಳುತ್ತ ತಿರುಗಿದರೆ ಒಲೆ ಕಂಡಿತು. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಒಲೆಯಿಂದ ಸುಯ್ಯೆನ್ನುವ ಸದ್ದು. ಗ್ಯಾಸು ನೆಲಕ್ಕಿಳಿದು ನಿಲ್ಲುತ್ತದೆ, ನೆಲದ ಮೇಲೆ ನಾಗವೇಣಿ.

ಒಲೆ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಅವಳ ರಟ್ಟೆ ಹಿಡಿದು ಹೊರಗೆ ಎಳೆದೆ. ಏಳಲಿಲ್ಲ. ಕೆನ್ನೆ ಬಡಿದೆ, ಬೈದೆ, ಅತ್ತೆ. "ಏಳೇ ಮಾರಾಯ್ತಿ, ನಿಮ್ಮವ್ವಗ ನಾ ಏನಂತ ಹೇಳ್ಲಿ!" ಕೆಳಮನೆಯ ಹೆಂಗಸು ಓಡಿಬಂದು ರಟ್ಟಿನಿಂದ ಗಾಳಿ ಹಾಕಿದಳು. ಬಹಳ ಹೊತ್ತಿನ ಮೇಲೆ ನಾಗವೇಣಿ ಕೆಮ್ಮಿದಳು, ವಾಂತಿ ಮಾಡಿದಳು, ಕಣ್ಣು ಬಿಟ್ಟು "ಹಾಲು ಉಕ್ತೇನೇ?" ಅಂದಳು. ಕಪಾಳಕ್ಕೆ ಇನ್ನೊಂದು ಬಿಗಿಯಬೇಕು ಅನ್ನಿಸಿತು, ತಬ್ಬಿಕೊಂಡೆ.

ಆ ಕೂಗಿಗೆ ನಾನೇ ಒಂದು ಕಾರಣ ಹುಡುಕಿಕೊಂಡೆ. ನಮ್ಮೂರ ನಳ ನೀರು ಬರುವ ಮುಂಚೆ ಸುಯ್ಯಂತ ಗಾಳಿ ಬಿಡುತ್ತದೆ. ನಿದ್ದೆಯಲ್ಲಿದ್ದ ಕಿವಿಗೆ ಗ್ಯಾಸಿನ ಸದ್ದು ಹಾಗೆ ಕೇಳಿ, ಚಾಚಿಯ ದನಿಯನ್ನು ತಲೆಯೇ ಸೇರಿಸಿಕೊಂಡಿರಬೇಕು. ಸಮಾಧಾನವಾಯಿತು. ಊರಲ್ಲಿ ಗಾಬರಿಯಾಗುತ್ತಾರೆ ಅಂತ ಯಾರಿಗೂ ಹೇಳಲಿಲ್ಲ.

ಮರುದಿನ ಅವ್ವ ಫೋನು ಮಾಡಿದಳು, ರೇಗಿಕೊಂಡೇ. "ನಿನ್ನೆ ಮನಿಗೆ ಕೀಲಿ ಹಾಕಿ ಎಲ್ಲಾರೂ ಹಡಗಲಿಗೆ ಲಗ್ನಕ್ಕ ಹೋಗಿದ್ವಿ. ಬಂದ್ರ ಹುಸೇನಬಿ ಮುಖ ಗಂಟು ಹಾಕ್ಕೊಂಡು ಕುಂತಾಳ. ನೀರು ಬಂದಾಗ ಹಳೇ ರೂಢಿಗೆ ನಿನ್ನ ಹೆಸರು ಹಿಡಿದು ಕರದ್ಲಂತ."

"ಯಾವಾಗ?" ಅಂದೆ.

"ಮುಂಜಾನಿ, ಊಟದ ಹೊತ್ತಿಗಿಂತ ಮೊದಲ." ಮನಿಲಾ ನಮ್ಮೂರಿಗಿಂತ ಎರಡೂವರೆ ತಾಸು ಮುಂದೆ; ಅಲ್ಲಿ ಆಗ ಮಧ್ಯಾಹ್ನ, ನಾನು ಕೂಗು ಕೇಳಿ ಎದ್ದ ಹೊತ್ತೇ. "ಕರದದ್ದಕ್ಕಲ್ಲ ಆಕಿ ಸಿಟ್ಟು. ಸಣ್ಣವ್ವ ಊರಿಗೆ ಬಂದದ್ದು ನನಗ್ಯಾಕ ಹೇಳ್ಲಿಲ್ಲ ಅಂತಾಳ. ಒಳಗಿಂದ 'ಬಂದೆ ಚಾಚಿ' ಅಂದ್ಲು, ಹೊರಗ ಬರಲೇ ಇಲ್ಲ ಅಂತಾಳ. ಕೀಲಿ ಹಾಕಿತ್ತಲ್ಲವ್ವ ಅಂದ್ರ ಕೇಳಾಕ ತಯಾರಿಲ್ಲ. ನಿನ್ನ ಸಲುವಾಗಿ ಒಂದು ಕೊಡ ನೀರು ಹಿಡಿದು ಬಾಗಿಲ ಮುಂದ ಇಟ್ಟಿದ್ಲು."



ಊರಿಗೆ ಬಂದ ಮೇಲೆ ಚಾಚಿಯನ್ನು ಎಷ್ಟೋ ಸಲ ಕೇಳಿದ್ದೇನೆ, ನಿಜವಾಗಿ ಏನು ಕೇಳಿಸಿತು, ಬೇರೆ ಯಾರದೋ ದನಿ ಇರಬಹುದಲ್ಲ ಅಂತ. ಪೀಡಿಸಿದ್ದೇನೆ, ಜಗಳವನ್ನೂ ಆಡಿದ್ದೇನೆ. ಚಾಚಿಯದು ಒಂದೇ ಹಟ. ಈಗಲೂ ನೀರು ಬಿಟ್ಟ ದಿನ ನಾನು ಕೊಡ ಹಿಡಿದು ಹೊರಗೆ ಬರುವುದು ತಡವಾದರೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾಳೆ.

"ಅವತ್ತೂ ಬಂದೆ ಅಂದಿ. ಎಲ್ಲಿಗೆ ಹೋದಿ?"